ದೂರ ಒಂದೇ, ಗಂಟೆ ಬೇರೆ ಬೇರೆ: ವಿಮಾನ ಪ್ರಯಾಣದ ಲೆಕ್ಕ ಹೀಗಿದೆ

ಮೊದಲ ಸಲ ದೂರದ ಊರಿಗೆ ವಿಮಾನದ ಟಿಕೆಟ್ ಮಾಡಿಸುವವರಿಗೆ ಒಂದು ಗೊಂದಲ ಆಗಿಯೇ ಆಗುತ್ತದೆ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗುವ ಟಿಕೆಟ್ ಇದೆ ಅಂದುಕೊಳ್ಳಿ. ಮಧ್ಯಾಹ್ನ 2ಕ್ಕೆ ಹೊರಟು ಸಂಜೆ 5ಕ್ಕೆ ತಲುಪುತ್ತದೆ ಎಂದು ಬರೆದಿರುತ್ತದೆ. ಬರೀ ಮೂರು ಗಂಟೆಯಾ? ಪಕ್ಕದಲ್ಲೇ ಪ್ರಯಾಣದ ಅವಧಿ 8 ಗಂಟೆ ಎಂದಿದೆ. ವಾಪಸ್ ಬರುವ ಟಿಕೆಟ್ ನೋಡಿದರೆ ಅದೇ ಎರಡು ಊರಿನ ನಡುವೆ 7 ಗಂಟೆ. ಇನ್ನು ಇಂಟರ್ನೆಟ್‌ನಲ್ಲಿ ಎರಡು ನಿಲ್ದಾಣಗಳ ನಡುವಿನ ದೂರ ಹುಡುಕಿದರೆ ಸುಮಾರು 5,540 ಕಿ.ಮೀ., ಹಾರಾಟಕ್ಕೆ 7 ಗಂಟೆ ಚಿಲ್ಲರೆ ಎಂದು ಬರುತ್ತದೆ. ಯಾವುದನ್ನು ನಂಬುವುದು?

ಎಲ್ಲವನ್ನೂ ನಂಬಬಹುದು. ಒಂದೊಂದು ಸಂಖ್ಯೆ ಒಂದೊಂದು ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ, ಅಷ್ಟೇ. ದೂರವನ್ನು ಭೂಮಿಯ ಆಕಾರ ನಿರ್ಧರಿಸುತ್ತದೆ. ಅದು ನಿನ್ನೆ ಇದ್ದಷ್ಟೇ ಇವತ್ತೂ ಇರುತ್ತದೆ. ಸಮಯವನ್ನು ಮಾತ್ರ ಆ ದಿನದ ಗಾಳಿ, ಆ ದಿನ ತೆರೆದಿರುವ ದಾರಿ, ವಿಮಾನದ ಬಗೆ, ರನ್‌ವೇ ಮುಂದೆ ನಿಂತಿರುವ ಸಾಲು ಎಲ್ಲ ಸೇರಿ ನಿರ್ಧರಿಸುತ್ತವೆ. ಹಾಗಾಗಿ ಎರಡು ನಿಲ್ದಾಣಗಳ ನಡುವೆ ಒಂದೇ ಒಂದು ದೂರ ಇರಬಹುದು. ಒಂದೇ ಒಂದು ಸಮಯ ಇರಲು ಸಾಧ್ಯವಿಲ್ಲ. ಇದು ಹೇಗೆ ಅನ್ನುವುದನ್ನು ಬುಡದಿಂದ ನೋಡೋಣ.

ಚೆಂಡಿನ ಮೇಲೆ ದಾರ ಹಿಡಿದು ನೋಡಿ

ಒಂದು ಚೆಂಡು ತೆಗೆದುಕೊಳ್ಳಿ. ಅದರ ಮೇಲೆ ಎರಡು ಚುಕ್ಕಿ ಇಡಿ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗಿಯೇ ಅತಿ ಹತ್ತಿರದ ದಾರಿಗೆ ಬಂದು ಕೂರುತ್ತದೆ. ಅದೇ ದಾರವನ್ನು ಮುಂದುವರಿಸಿ ಚೆಂಡಿಗೆ ಪೂರ್ತಿ ಸುತ್ತಿದರೆ ಚೆಂಡು ಸರಿಯಾಗಿ ಎರಡು ಅರ್ಧ ಭಾಗವಾಗುತ್ತದೆ. ಇಂಥ ಸುತ್ತಿಗೆ ಮಹಾವೃತ್ತ ಎಂದು ಹೆಸರು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಎಂದು ವೆಬ್‌ಸೈಟ್‌ಗಳು ತೋರಿಸುವುದು ಈ ಮಹಾವೃತ್ತದ ಮೇಲಿನ ದೂರವನ್ನು.

ಅದನ್ನು ಲೆಕ್ಕ ಹಾಕುವುದು ಹೇಗೆ? ಪ್ರತಿ ನಿಲ್ದಾಣಕ್ಕೂ ಅಕ್ಷಾಂಶ, ರೇಖಾಂಶ ಎಂಬ ಎರಡು ಅಂಕಿಗಳ ವಿಳಾಸ ಇರುತ್ತದೆ. ಎರಡೂ ನಿಲ್ದಾಣಗಳಿಂದ ಭೂಮಿಯ ಕೇಂದ್ರಕ್ಕೆ ಒಂದೊಂದು ಗೆರೆ ಎಳೆದಂತೆ ಕಲ್ಪಿಸಿಕೊಳ್ಳಿ. ಆ ಎರಡು ಗೆರೆಗಳು ಕೇಂದ್ರದಲ್ಲಿ ಕೂಡುವ ಕಡೆ ಒಂದು ಕೋನ ಆಗುತ್ತದೆ. ವಿಳಾಸ ಗೊತ್ತಿದ್ದರೆ ಆ ಕೋನ ಎಷ್ಟೆಂದು ಗಣಿತದ ಸೂತ್ರ ಹೇಳುತ್ತದೆ. ಭೂಮಿಯ ಸುತ್ತಳತೆ ಹೆಚ್ಚು ಕಡಿಮೆ 40,000 ಕಿ.ಮೀ. ಅದನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಬರುತ್ತದೆ. ಲಂಡನ್ ಮತ್ತು ನ್ಯೂಯಾರ್ಕ್ ನಡುವಿನ ಕೋನ 50 ಡಿಗ್ರಿಗೆ ಸ್ವಲ್ಪ ಕಡಿಮೆ. ಅದನ್ನು 111ರಿಂದ ಗುಣಿಸಿದರೆ ಸುಮಾರು ಐದೂವರೆ ಸಾವಿರ ಕಿ.ಮೀ. ಆಯಿತು. ದೊಡ್ಡ ರಹಸ್ಯವೇನೂ ಇಲ್ಲಿಲ್ಲ.

ಇದರಿಂದ ಇನ್ನೊಂದು ವಿಷಯವೂ ಹೊಳೆಯುತ್ತದೆ. ಕೋನ 180 ಡಿಗ್ರಿಗಿಂತ ಜಾಸ್ತಿ ಆಗಲು ಸಾಧ್ಯವಿಲ್ಲ. ಅಂದರೆ ಭೂಮಿಯ ಯಾವುದೇ ಎರಡು ಜಾಗಗಳ ನಡುವಿನ ಹತ್ತಿರದ ದಾರಿ ಸುಮಾರು 20,000 ಕಿ.ಮೀ. ಮೀರುವುದಿಲ್ಲ. ನಿಲ್ಲದೆ ಹಾರುವ ಅತಿ ಉದ್ದದ ವಿಮಾನ ಸೇವೆಗಳಲ್ಲಿ ಒಂದಾದ ಸಿಂಗಪುರ–ನ್ಯೂಯಾರ್ಕ್ ನಡುವಿನ ದೂರ ಸುಮಾರು 15,340 ಕಿ.ಮೀ. ಅಂದರೆ ಇರುವ ಗರಿಷ್ಠದ ಮುಕ್ಕಾಲು ಭಾಗವನ್ನು ವಿಮಾನಗಳು ಈಗಾಗಲೇ ಒಂದೇ ಹಾರಾಟದಲ್ಲಿ ಮುಟ್ಟಿವೆ.

ಎರಡು ವೆಬ್‌ಸೈಟ್‌ಗಳಲ್ಲಿ ದೂರ ನೋಡಿದಾಗ ಹತ್ತಿಪ್ಪತ್ತು ಕಿ.ಮೀ. ವ್ಯತ್ಯಾಸ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ. ಭೂಮಿ ಪಕ್ಕಾ ಗೋಳ ಅಲ್ಲ, ಧ್ರುವಗಳ ಕಡೆ ಸ್ವಲ್ಪ ಚಪ್ಪಟೆ. ಕೇಂದ್ರದಿಂದ ಸಮಭಾಜಕಕ್ಕೆ 6,378 ಕಿ.ಮೀ. ಇದ್ದರೆ ಧ್ರುವಕ್ಕೆ 6,357 ಕಿ.ಮೀ. ಮಾತ್ರ. ಒಂದು ವೆಬ್‌ಸೈಟ್ ಈ ಚಪ್ಪಟೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತದೆ, ಇನ್ನೊಂದು ಬಿಟ್ಟಿರುತ್ತದೆ.

ನಕ್ಷೆಯಲ್ಲಿ ದಾರಿ ಬಿಲ್ಲಿನ ಹಾಗೆ ಕಾಣುವುದೇಕೆ?

ವಿಮಾನದಲ್ಲಿ ಸೀಟಿನ ಮುಂದಿನ ಪರದೆಯಲ್ಲಿ ನಕ್ಷೆ ನೋಡಿದ್ದೀರಲ್ಲ? ನೇರ ಹೋಗುವುದು ಬಿಟ್ಟು ಯಾಕಿಷ್ಟು ಮೇಲಕ್ಕೆ ಬಾಗಿ ಹೋಗುತ್ತಿದೆ ಅಂತ ಅನಿಸಿರುತ್ತದೆ. ನನಗೂ ಮೊದಲ ಸಲ ಹಾಗೇ ಅನಿಸಿತ್ತು, ಪೈಲಟ್ ಸುಮ್ನೆ ಸುತ್ತು ಹಾಕಿಸುತ್ತಿದ್ದಾರೇನೋ ಅಂತ. ನಿಜಕ್ಕೂ ಬಾಗಿರುವುದು ನಕ್ಷೆ.

ಉರುಟಾದ ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಹರಡಬೇಕಾದರೆ ಎಲ್ಲಾದರೂ ಎಳೆಯಲೇಬೇಕು. ಗೋಡೆಗೆ ತೂಗುಹಾಕುವ ಪರಿಚಿತ ವಿಶ್ವ ನಕ್ಷೆಯ ವಿಧಾನವನ್ನು ಮರ್ಕೇಟರ್ ಎಂಬ ನಕ್ಷೆಗಾರ 1569ರಲ್ಲಿ ಕೊಟ್ಟರು. ಹಡಗಿನವರಿಗೆ ದಿಕ್ಕು ತಪ್ಪದೆ ಹೋಗಲು ಅದು ಬಹಳ ಅನುಕೂಲ. ಆದರೆ ಉತ್ತರಕ್ಕೋ ದಕ್ಷಿಣಕ್ಕೋ ಹೋದಷ್ಟೂ ಅದು ಜಾಗವನ್ನು ಹಿಗ್ಗಿಸುತ್ತದೆ. ಭೂಮಿಯ ಮೇಲೆ 60 ಡಿಗ್ರಿ ಅಕ್ಷಾಂಶದಲ್ಲಿ ಒಂದು ರೇಖಾಂಶದಿಂದ ಇನ್ನೊಂದಕ್ಕೆ ಇರುವ ಅಂತರ, ಸಮಭಾಜಕದಲ್ಲಿ ಇರುವುದರ ಅರ್ಧ ಮಾತ್ರ. ನಕ್ಷೆಯಲ್ಲಿ ಎರಡೂ ಕಡೆ ಒಂದೇ ಸಮ ಕಾಣುತ್ತದೆ. ಹಾಗಾಗಿ ಉತ್ತರದ ದಾರಿ ನಕ್ಷೆಯಲ್ಲಿ ಉದ್ದ ಕಂಡರೂ ನೆಲದ ಮೇಲೆ ಗಿಡ್ಡ.

ಬೀಜಿಂಗ್ ಮತ್ತು ನ್ಯೂಯಾರ್ಕ್ ತೆಗೆದುಕೊಳ್ಳಿ. ಇದು ನನಗೆ ತುಂಬ ಇಷ್ಟವಾದ ಉದಾಹರಣೆ. ಎರಡೂ ಊರು ಹೆಚ್ಚು ಕಡಿಮೆ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಇವೆ. ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಪೂರ್ವಕ್ಕೆ ಗೆರೆ ಎಳೆದರೆ ಪೆಸಿಫಿಕ್ ಸಾಗರ ದಾಟಿ ಅಮೆರಿಕದ ಮೇಲೆ ಹಾಯ್ದು ನ್ಯೂಯಾರ್ಕ್ ಸೇರುತ್ತದೆ. ಆ ಅಕ್ಷಾಂಶ ಹಿಡಿದೇ ಹೋದರೆ ಸುಮಾರು 14,400 ಕಿ.ಮೀ. ಆಗುತ್ತದೆ. ಚೆಂಡಿನ ಮೇಲೆ ದಾರ ಹಿಡಿದರೆ ಅದು ಪೂರ್ವಕ್ಕೆ ಹೋಗುವುದೇ ಇಲ್ಲ. ನೆಟ್ಟಗೆ ಉತ್ತರಕ್ಕೆ ಏರಿ, ಉತ್ತರ ಧ್ರುವದ ಹತ್ತಿರ ಹಾದು, ಆ ಕಡೆಯಿಂದ ಕೆಳಗಿಳಿಯುತ್ತದೆ. ಆ ದಾರಿ ಸುಮಾರು 11,000 ಕಿ.ಮೀ. ಮಾತ್ರ. 3,400 ಕಿ.ಮೀ. ಉಳಿತಾಯ ಅಂದರೆ ನಾಲ್ಕು ಗಂಟೆಯ ಹಾರಾಟ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಮ್ಮೆ ದಾರ ಹಿಡಿದು ನೋಡಿ, ಓದಿದ್ದಕ್ಕಿಂತ ಬೇಗ ಅರ್ಥವಾಗುತ್ತದೆ.

ಮೈಲಿಯಲ್ಲೂ ಎರಡು ಬಗೆ

ವಿಮಾನದ ಮಾತು ಬಂದಾಗ ನಾಟಿಕಲ್ ಮೈಲಿ ಎಂಬ ಪದ ಕಿವಿಗೆ ಬೀಳುತ್ತದೆ. ಇದು ಸಾಮಾನ್ಯ ಮೈಲಿಗಿಂತ ಉದ್ದ. ಸಾಮಾನ್ಯ ಮೈಲಿ 1.609 ಕಿ.ಮೀ., ನಾಟಿಕಲ್ ಮೈಲಿ 1.852 ಕಿ.ಮೀ. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಬರುವ ಒಂದು ಭಾಗವೇ ಮೂಲದಲ್ಲಿ ಒಂದು ನಾಟಿಕಲ್ ಮೈಲಿ. ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗವೇ ಒಂದು ನಾಟ್. ಹಡಗಿನವರಿಂದ ಬಂದ ಈ ಅಳತೆಯನ್ನು ವಿಮಾನದವರು ಹಾಗೇ ಇಟ್ಟುಕೊಂಡರು. ಲಂಡನ್–ನ್ಯೂಯಾರ್ಕ್ ದೂರ ಎಲ್ಲಾದರೂ 2,990 ಎಂದು ಕಂಡರೆ ಅದು ನಾಟಿಕಲ್ ಮೈಲಿ, 3,440 ಎಂದಿದ್ದರೆ ಸಾಮಾನ್ಯ ಮೈಲಿ.

ವಿಮಾನ ಆ ಹತ್ತಿರದ ದಾರಿಯಲ್ಲೇ ಹೋಗುತ್ತದಾ?

ಪೂರ್ತಿಯಾಗಿ ಹೋಗುವುದು ಅಪರೂಪ. ಮಹಾವೃತ್ತದ ದೂರ ಅನ್ನುವುದು ಕನಿಷ್ಠ ದೂರ. ನಿಜವಾಗಿ ಹಾರುವ ದೂರ ಅದಕ್ಕಿಂತ ಸ್ವಲ್ಪವಾದರೂ ಜಾಸ್ತಿ ಇರುತ್ತದೆ. ಕಾರಣಗಳು ಹಲವು, ಕೆಲವು ಸಣ್ಣವು, ಕೆಲವು ಬಹಳ ದೊಡ್ಡವು.

ಸಣ್ಣದರಿಂದ ಶುರು ಮಾಡೋಣ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಹಾಗೆ ಮಾಡಿದರೆ ರೆಕ್ಕೆಗೆ ಬೇಕಾದ ಗಾಳಿಯ ಹರಿವು ಕಡಿಮೆ ಓಟದಲ್ಲೇ ಸಿಗುತ್ತದೆ. ನೀವು ಹೋಗಬೇಕಾದ ಊರು ಪಶ್ಚಿಮಕ್ಕಿದ್ದರೂ ಆ ದಿನ ಗಾಳಿ ಪೂರ್ವದಿಂದ ಬೀಸುತ್ತಿದ್ದರೆ ವಿಮಾನ ಪೂರ್ವಕ್ಕೇ ಏರಿ, ಆಮೇಲೆ ತಿರುಗಿಕೊಳ್ಳುತ್ತದೆ. ಇಳಿಯುವ ಕಡೆಯೂ ಹಾಗೇ, ರನ್‌ವೇಯ ಸರಿಯಾದ ತುದಿಗೆ ಬರಲು ಒಂದು ಸುತ್ತು ಹೊಡೆಯಬೇಕಾಗುತ್ತದೆ.

ಆಕಾಶದಲ್ಲೂ ಗೊತ್ತುಪಡಿಸಿದ ದಾರಿಗಳಿವೆ. ನೆಲದ ಮೇಲೆ ಗುರುತೇ ಇಲ್ಲದ ಜಾಗಗಳಿಗೆ ಐದಕ್ಷರದ ಹೆಸರು ಕೊಟ್ಟು, ಒಂದರಿಂದ ಇನ್ನೊಂದಕ್ಕೆ ಹೋಗುವ ಹಾಗೆ ದಾರಿ ಹಾಕಿರುತ್ತಾರೆ. ವಿಮಾನಗಳು ಒಂದಕ್ಕೊಂದು ಹತ್ತಿರ ಬರದಂತೆ ನೋಡಿಕೊಳ್ಳಲು ಏರ್ ಟ್ರಾಫಿಕ್ ಕಂಟ್ರೋಲ್‌ನವರಿಗೆ ಇದು ಬೇಕು. ಅಲ್ಲಲ್ಲಿ ಸೈನ್ಯಕ್ಕೆ ಮೀಸಲಾದ ಆಕಾಶ ಇರುತ್ತದೆ, ಗುಡುಗಿನ ಮೋಡ ಇರುತ್ತದೆ. ಅವನ್ನೆಲ್ಲ ಬಳಸಿ ಹೋಗಬೇಕು.

ಎರಡೇ ಎಂಜಿನ್ ಇರುವ ವಿಮಾನಗಳಿಗೆ ಇನ್ನೊಂದು ನಿಯಮ ಇದೆ. ದಾರಿಯಲ್ಲಿ ಎಲ್ಲೇ ಒಂದು ಎಂಜಿನ್ ನಿಂತರೂ, ಉಳಿದ ಒಂದರಲ್ಲೇ ಇಂತಿಷ್ಟು ಹೊತ್ತಿನಲ್ಲಿ ಯಾವುದಾದರೂ ನಿಲ್ದಾಣ ಮುಟ್ಟುವಂತಿರಬೇಕು. 1953ರಲ್ಲಿ ಅಮೆರಿಕ ಈ ಮಿತಿಯನ್ನು 60 ನಿಮಿಷ ಎಂದು ಇಟ್ಟಿತ್ತು. ಆಗ ಸಾಗರ ದಾಟಲು ಎರಡು ಎಂಜಿನ್‌ನವು ಕರಾವಳಿ, ದ್ವೀಪಗಳ ಹತ್ತಿರವೇ ಸುತ್ತಿಕೊಂಡು ಹೋಗಬೇಕಿತ್ತು. ಎಂಜಿನ್‌ಗಳು ನಂಬಿಕೆಗೆ ಅರ್ಹವಾದಂತೆ 1985ರಲ್ಲಿ ಮಿತಿ 120 ನಿಮಿಷಕ್ಕೆ ಏರಿತು, ಆಮೇಲೆ 180 ಆಯಿತು. ಈಗ ಏರ್‌ಬಸ್ ಎ350ಕ್ಕೆ 370 ನಿಮಿಷದವರೆಗೂ ಒಪ್ಪಿಗೆ ಇದೆ. ನಿಯಮ ಸಡಿಲವಾದಷ್ಟೂ ದಾರಿ ನೇರವಾಗುತ್ತಾ ಬಂದಿದೆ.

ಎತ್ತರದ ನೆಲವೂ ತೊಡಕೇ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು 4,500 ಮೀಟರ್. ವಿಮಾನದ ಒಳಗಿನ ಗಾಳಿಯ ಒತ್ತಡ ಏನೋ ಕಾರಣಕ್ಕೆ ಇಳಿದುಹೋದರೆ, ಉಸಿರಾಡಲು ಅನುಕೂಲವಾದ ಸುಮಾರು 3,000 ಮೀಟರ್ ಎತ್ತರಕ್ಕೆ ಪೈಲಟ್ ಬೇಗ ಇಳಿಸಬೇಕು. ಟಿಬೆಟ್ ಮೇಲೆ ಆ ಎತ್ತರದಲ್ಲಿ ನೆಲವೇ ಇದೆ. ಹಾಗಾಗಿ ಹೆಚ್ಚಿನ ವಿಮಾನಗಳು ಆ ಜಾಗ ಬಿಟ್ಟು ಸುತ್ತಿ ಹೋಗುತ್ತವೆ.

ಇವೆಲ್ಲಕ್ಕಿಂತ ದೊಡ್ಡ ಏಟು ಕೊಡುವುದು ಮುಚ್ಚಿದ ಆಕಾಶ. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಹಕ್ಕಿದೆ. ಬೇಡ ಅಂದರೆ ಆ ದಾರಿ ಮುಗಿಯಿತು. 2022ರ ಫೆಬ್ರವರಿ ಕೊನೆಯಲ್ಲಿ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಅದುವರೆಗೆ ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ರಷ್ಯಾದ ಮೇಲಿಂದ ಸುಮಾರು ಒಂಬತ್ತೂವರೆ ಗಂಟೆಯಲ್ಲಿ ಹೋಗಬಹುದಿತ್ತು. ಆಮೇಲೆ ಅದೇ ಪ್ರಯಾಣ ಸುಮಾರು 13 ಗಂಟೆ ಆಯಿತು. ಎರಡು ಊರಿನ ನಡುವಿನ ದೂರ ಒಂದು ಮೀಟರೂ ಹೆಚ್ಚಾಗಲಿಲ್ಲ. ದೂರ ತೋರಿಸುವ ವೆಬ್‌ಸೈಟ್‌ಗಳಲ್ಲಿ ಇವತ್ತಿಗೂ ಹಳೆಯ ಸಂಖ್ಯೆಯೇ ಇದೆ, ಅದು ಸರಿಯೂ ಹೌದು. ಪ್ರಯಾಣಿಕರಿಗೆ ಮಾತ್ರ ಮೂರೂವರೆ ಗಂಟೆ ಜಾಸ್ತಿಯಾಯಿತು.

ವೇಗದ ಲೆಕ್ಕ: ಗಾಳಿಯಲ್ಲಿ ಎಷ್ಟು, ನೆಲದ ಮೇಲೆ ಎಷ್ಟು?

ಈಗ ಮುಖ್ಯವಾದ ಭಾಗಕ್ಕೆ ಬಂದೆವು. ವಿಮಾನಕ್ಕೆ ಎರಡು ವೇಗ ಇರುತ್ತವೆ. ಸುತ್ತಲಿನ ಗಾಳಿಯನ್ನು ಎಷ್ಟು ಜೋರಾಗಿ ಸೀಳಿಕೊಂಡು ಹೋಗುತ್ತಿದೆ ಅನ್ನುವುದು ಒಂದು. ಕೆಳಗಿನ ನೆಲವನ್ನು ಎಷ್ಟು ಬೇಗ ದಾಟುತ್ತಿದೆ ಅನ್ನುವುದು ಇನ್ನೊಂದು. ರೆಕ್ಕೆಗೆ, ಎಂಜಿನ್‌ಗೆ ಮುಖ್ಯವಾದದ್ದು ಮೊದಲನೆಯದು. ನಮ್ಮನ್ನು ಊರು ಮುಟ್ಟಿಸುವುದು ಎರಡನೆಯದು.

ಹೊಳೆಯಲ್ಲಿ ದೋಣಿ ಹುಟ್ಟು ಹಾಕುವುದನ್ನು ನೆನೆಸಿಕೊಳ್ಳಿ. ಹುಟ್ಟು ಹಾಕುವ ಶಕ್ತಿ ಒಂದೇ ಇದ್ದರೂ ಹರಿವಿನ ಜೊತೆ ಹೋದರೆ ದಡದ ಮರಗಳು ಬೇಗ ಬೇಗ ಹಿಂದೆ ಸರಿಯುತ್ತವೆ, ಹರಿವಿಗೆ ಎದುರು ಹೋದರೆ ನಿಧಾನ. ವಿಮಾನಕ್ಕೆ ಗಾಳಿಯೇ ಹೊಳೆ.

ದೂರ ಹಾರುವ ಬೋಯಿಂಗ್ 787ರಂಥ ವಿಮಾನ ಸುಮಾರು 11 ಕಿ.ಮೀ. ಎತ್ತರದಲ್ಲಿ ಗಾಳಿಯಲ್ಲಿ ಗಂಟೆಗೆ 900 ಕಿ.ಮೀ. ಹತ್ತಿರ ಹೋಗುತ್ತದೆ. ಏರ್‌ಬಸ್ ಎ320, ಬೋಯಿಂಗ್ 737ರಂಥವು ಸುಮಾರು 830. ಹೊರಗೆ ತಿರುಗುವ ಫ್ಯಾನಿನಂಥ ರೆಕ್ಕೆಗಳಿರುವ ಎಟಿಆರ್ 72 ಸುಮಾರು 500. ವಿಮಾನದ ಬಗೆ ಬದಲಾದರೆ ಸಮಯವೂ ಬದಲಾಗುತ್ತದೆ ಅನ್ನುವುದಕ್ಕೆ ಇಷ್ಟು ಸಾಕು.

ಆ ಎತ್ತರದಲ್ಲಿ ಒಂದು ವಿಶೇಷ ಇದೆ. ಅದೇ ಜೆಟ್ ಸ್ಟ್ರೀಮ್. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ, ಭೂಮಿಯನ್ನು ಸುತ್ತುವರಿದ ಹೊಳೆಯ ಹಾಗೆ ಈ ಗಾಳಿ ಹರಿಯುತ್ತದೆ. ಸಮಭಾಜಕದ ಕಡೆಯ ಬಿಸಿಗೂ ಧ್ರುವದ ಕಡೆಯ ಚಳಿಗೂ ಇರುವ ಅಂತರವೇ ಇದನ್ನು ಹುಟ್ಟಿಸುತ್ತದೆ. ಚಳಿಗಾಲದಲ್ಲಿ ಆ ಅಂತರ ಹೆಚ್ಚು, ಆಗ ಗಾಳಿಯೂ ಜೋರು. ಗಂಟೆಗೆ 150, 200 ಕಿ.ಮೀ. ಸಾಮಾನ್ಯ, ಕೆಲವೊಮ್ಮೆ 300 ದಾಟುತ್ತದೆ. 1920ರ ದಶಕದಲ್ಲೇ ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಜಗತ್ತಿಗೆಲ್ಲ ತಿಳಿಯಲಿ ಎಂದು ಎಸ್ಪೆರಾಂಟೊ ಎಂಬ ಭಾಷೆಯಲ್ಲಿ ವರದಿ ಬರೆದರು. ಆ ಭಾಷೆ ಓದುವವರು ಕಡಿಮೆ, ಹಾಗಾಗಿ ಅವರ ಕೆಲಸ ಹೊರಗಿನವರ ಗಮನಕ್ಕೆ ಬರಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಎತ್ತರಕ್ಕೆ ಹಾರಿದ ಪೈಲಟ್‌ಗಳು ಆ ಗಾಳಿಗೆ ನೇರವಾಗಿ ಸಿಕ್ಕಿಕೊಂಡು ಅದರ ಜೋರು ಕಂಡರು. ಓಯಿಶಿಯವರ ಕಥೆ ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ನ್ಯೂಯಾರ್ಕ್‌ನಿಂದ ಲಂಡನ್‌ಗೆ ಬರುವಾಗ 7 ಗಂಟೆ, ಹೋಗುವಾಗ 8 ಗಂಟೆ ಆಗುವುದು ಈ ಗಾಳಿಯಿಂದಲೇ. 2020ರ ಫೆಬ್ರವರಿಯಲ್ಲಿ ಸಿಯಾರಾ ಎಂಬ ಬಿರುಗಾಳಿ ಬಂದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲೇ ಬಂದಿಳಿಯಿತು. ದಾರಿಯಲ್ಲಿ ಅದರ ನೆಲದ ವೇಗ ಗಂಟೆಗೆ 1,300 ಕಿ.ಮೀ. ಮೀರಿತ್ತು. ಆ ಎತ್ತರದಲ್ಲಿ ಶಬ್ದದ ವೇಗ ಸುಮಾರು 1,060 ಕಿ.ಮೀ. ಹಾಗಾದರೆ ಶಬ್ದಕ್ಕಿಂತ ಜೋರಾಗಿ ಹಾರಿತಾ? ಇಲ್ಲ. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು. ಗಾಳಿಯೇ ಅದನ್ನು ಹೊತ್ತುಕೊಂಡು ಓಡುತ್ತಿತ್ತು. ಓಡುವ ರೈಲಿನೊಳಗೆ ನೀವು ಮುಂದಕ್ಕೆ ನಿಧಾನ ನಡೆದರೂ ಹೊರಗೆ ನಿಂತವರಿಗೆ ನೀವು ರೈಲಿಗಿಂತ ಜೋರಾಗಿ ಹೋಗುತ್ತಿರುವಂತೆ ಕಾಣುತ್ತೀರಿ, ಅಲ್ವಾ? ಹಾಗೇ ಇದು.

ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದಾ?

ಹೋಗುವಾಗ ಎದುರುಗಾಳಿ ಇದ್ದರೆ ಬರುವಾಗ ಅದೇ ಬೆನ್ನಿಗೆ ಬರುತ್ತದೆ, ಲೆಕ್ಕ ಸರಿಹೋಗುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ದೂರ 6,000 ಕಿ.ಮೀ., ವಿಮಾನದ ವೇಗ 900. ಗಾಳಿ ಇಲ್ಲದಿದ್ದರೆ ಒಂದು ಕಡೆಗೆ 6 ಗಂಟೆ 40 ನಿಮಿಷ, ಹೋಗಿ ಬರಲು 13 ಗಂಟೆ 20 ನಿಮಿಷ. ಈಗ ಗಂಟೆಗೆ 100 ಕಿ.ಮೀ. ಗಾಳಿ ಇದೆ ಅನ್ನೋಣ. ಹೋಗುವಾಗ ನೆಲದ ವೇಗ 800, ಏಳೂವರೆ ಗಂಟೆ ಬೇಕು. ಬರುವಾಗ 1,000, ಆರು ಗಂಟೆ ಸಾಕು. ಒಟ್ಟು 13 ಗಂಟೆ 30 ನಿಮಿಷ. ಹತ್ತು ನಿಮಿಷ ನಷ್ಟವೇ ಆಯಿತು. ಕಾರಣ ಸರಳ. ಎದುರುಗಾಳಿಯಲ್ಲಿ ನಾವು ಜಾಸ್ತಿ ಹೊತ್ತು ಇರುತ್ತೇವೆ, ಬೆನ್ನ ಗಾಳಿಯಲ್ಲಿ ಕಡಿಮೆ ಹೊತ್ತು. ಕೆಟ್ಟದ್ದನ್ನು ಅನುಭವಿಸುವ ಕಾಲವೇ ಉದ್ದ.

ಅದಕ್ಕೇ ದಾರಿ ಯೋಜಿಸುವವರು ಹತ್ತಿರದ ದಾರಿ ಹುಡುಕುವುದನ್ನು ಬಿಟ್ಟು ಬೇಗ ಮುಟ್ಟುವ ದಾರಿ ಹುಡುಕುತ್ತಾರೆ. ಎರಡೂ ಒಂದೇ ಆಗಬೇಕೆಂದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ. ಭೂಗೋಳದ ಮೇಲೆ ಇವುಗಳ ನಡುವಿನ ಹತ್ತಿರದ ದೂರ ಸುಮಾರು 12,400 ಕಿ.ಮೀ. ಏರ್ ಇಂಡಿಯಾ ಈ ದಾರಿಯಲ್ಲಿ ಪಶ್ಚಿಮಕ್ಕೆ, ಅಟ್ಲಾಂಟಿಕ್ ಮೇಲಿಂದ ಹೋಗುತ್ತಿತ್ತು. ಅದು ಸುಮಾರು 13,900 ಕಿ.ಮೀ. ಆಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಪೂರ್ವಕ್ಕೆ ತಿರುಗಿ ಪೆಸಿಫಿಕ್ ಮೇಲಿಂದ ಹೋಗಲು ಶುರು ಮಾಡಿತು. ದೂರ ಸುಮಾರು 15,300 ಕಿ.ಮೀ.ಗೆ ಏರಿತು. ಆದರೂ ಸುಮಾರು ಹದಿನಾಲ್ಕೂವರೆ ಗಂಟೆಯಲ್ಲೇ ಮುಟ್ಟಿತು, ಹಳೆಯ ದಾರಿಗಿಂತ ಹೆಚ್ಚು ಕಡಿಮೆ ಎರಡು ಗಂಟೆ ಬೇಗ. 1,400 ಕಿ.ಮೀ. ಜಾಸ್ತಿ ಹಾರಿ ಎರಡು ಗಂಟೆ ಉಳಿಸಿದ್ದು ಬೆನ್ನಿಗೆ ಸಿಕ್ಕ ಗಾಳಿಯ ಬಲದಿಂದ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಭೂಮಿ ಪೂರ್ವಕ್ಕೆ ತಿರುಗುತ್ತಿದೆ, ಹಾಗಾಗಿ ವಿಮಾನ ಪಶ್ಚಿಮಕ್ಕೆ ಹೋದರೆ ಊರೇ ಎದುರು ಬಂದು ಬೇಗ ಸಿಗಬೇಕಲ್ಲ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಸಮಭಾಜಕದಲ್ಲಿ ಭೂಮಿಯ ತಿರುಗುವ ವೇಗ ಗಂಟೆಗೆ ಸುಮಾರು 1,670 ಕಿ.ಮೀ. ಆದರೆ ಭೂಮಿಯ ಜೊತೆ ಗಾಳಿಯೂ ತಿರುಗುತ್ತಿದೆ. ನಿಲ್ದಾಣದಲ್ಲಿ ನಿಂತ ವಿಮಾನವೂ ಅದೇ ವೇಗದಲ್ಲಿ ತಿರುಗುತ್ತಲೇ ಇತ್ತು. ಮೇಲೇರಿದ ಮಾತ್ರಕ್ಕೆ ಆ ವೇಗ ಬಿಟ್ಟುಹೋಗುವುದಿಲ್ಲ. ಓಡುವ ರೈಲಿನಲ್ಲಿ ಕೂತು ಚೆಂಡನ್ನು ಮೇಲಕ್ಕೆ ಎಸೆದರೆ ಅದು ನಿಮ್ಮ ಕೈಗೇ ಬೀಳುತ್ತದೆ, ಹಿಂದಿನ ಸೀಟಿಗೆ ಹೋಗುವುದಿಲ್ಲ. ಭೂಮಿಯ ತಿರುಗುವಿಕೆಗೆ ಇಲ್ಲಿ ಪಾತ್ರ ಇಲ್ಲವೆಂದಲ್ಲ, ಜೆಟ್ ಸ್ಟ್ರೀಮ್ ಪೂರ್ವಕ್ಕೆ ಬಾಗಿ ಬೀಸುವುದು ಅದರಿಂದಲೇ. ಅಂದರೆ ಅದು ಗಾಳಿಯ ಮೂಲಕ ನಮ್ಮ ಸಮಯವನ್ನು ಮುಟ್ಟುತ್ತದೆ, ನೇರವಾಗಿ ಅಲ್ಲ.

ಟಿಕೆಟ್‌ನಲ್ಲಿರುವ ಅವಧಿ ಹಾರಾಟದ ಅವಧಿಯಲ್ಲ

ಟಿಕೆಟ್‌ನ ಅವಧಿಯನ್ನು ವಿಮಾನದವರು ಬ್ಲಾಕ್ ಟೈಮ್ ಅನ್ನುತ್ತಾರೆ. ನಿಂತ ವಿಮಾನ ಜರುಗದಂತೆ ಚಕ್ರಕ್ಕೆ ಅಡ್ಡಗಟ್ಟೆ ಇಟ್ಟಿರುತ್ತಾರೆ. ಅದನ್ನು ತೆಗೆದು ವಿಮಾನವನ್ನು ಹಿಂದಕ್ಕೆ ತಳ್ಳಿದ ಹೊತ್ತಿನಿಂದ, ಇನ್ನೊಂದು ಊರಲ್ಲಿ ಮತ್ತೆ ಅಡ್ಡಗಟ್ಟೆ ಇಡುವ ಹೊತ್ತಿನವರೆಗಿನ ಸಮಯ ಅದು. ರನ್‌ವೇವರೆಗೆ ಉರುಳಿಕೊಂಡು ಹೋಗುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಗೇಟಿಗೆ ಬರುವುದು ಎಲ್ಲ ಇದರಲ್ಲೇ ಸೇರಿದೆ. ದೊಡ್ಡ ನಿಲ್ದಾಣಗಳಲ್ಲಿ ಇದಕ್ಕೇ ಅರ್ಧ ಗಂಟೆ ಹೋಗುವುದುಂಟು.

ವಿಮಾನ ಕಂಪನಿಗಳು ಇದರ ಮೇಲೆ ಇನ್ನಷ್ಟು ನಿಮಿಷಗಳನ್ನು ಸೇರಿಸುತ್ತವೆ. ಗಾಳಿ ದಿನಕ್ಕೊಂದು ಥರ, ದಟ್ಟಣೆ ಹೊತ್ತಿಗೊಂದು ಥರ. ವೇಳಾಪಟ್ಟಿಯನ್ನು ತಿಂಗಳುಗಟ್ಟಲೆ ಮೊದಲೇ ಹಾಕಬೇಕು. ಹಾಗಾಗಿ ಹೆಚ್ಚಿನ ದಿನಗಳಲ್ಲಿ ಹೇಳಿದ ಹೊತ್ತಿಗೆ ಮುಟ್ಟುವಷ್ಟು ಸಡಿಲ ಇಟ್ಟುಕೊಳ್ಳುತ್ತಾರೆ. ತಡವಾಗಿ ಹೊರಟ ವಿಮಾನ ಸರಿಯಾದ ಹೊತ್ತಿಗೇ ಇಳಿಯುವುದನ್ನು ನೋಡಿದ್ದರೆ, ಅದರಲ್ಲಿ ಈ ಸಡಿಲದ ಪಾಲು ದೊಡ್ಡದು. ಪೈಲಟ್ ತುಂಬ ಜೋರಾಗಿ ಓಡಿಸಿ ಸರಿಮಾಡುವುದು ಕಷ್ಟ. ವೇಗ ಸ್ವಲ್ಪ ಏರಿಸಿದರೂ ಇಂಧನ ಬಹಳ ಬೇಕಾಗುತ್ತದೆ, ಉಳಿಯುವ ನಿಮಿಷ ಕೆಲವೇ.

ಹತ್ತಿರದ ಊರಿಗೂ ಒಂದು ಗಂಟೆ ಬೇಕೆನ್ನುವುದು ಯಾಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. 300 ಕಿ.ಮೀ. ದೂರವನ್ನು 850 ವೇಗದಲ್ಲಿ ಭಾಗಿಸಿದರೆ 21 ನಿಮಿಷ ಬರುತ್ತದೆ. ಆದರೆ ಆ ವೇಗ ಸಿಗುವುದು ಮೇಲೆ ಏರಿದ ಮೇಲೆ. ಪೂರ್ತಿ ಎತ್ತರಕ್ಕೆ ಏರಲು ಇಪ್ಪತ್ತು ನಿಮಿಷದ ಮೇಲೆ ಬೇಕು. ಇಳಿಯುವಾಗ, 35,000 ಅಡಿಯಲ್ಲಿದ್ದರೆ ಊರು ಇನ್ನೂ ಸುಮಾರು 200 ಕಿ.ಮೀ. ಇರುವಾಗಲೇ ಇಳಿಯಲು ಶುರು ಮಾಡುತ್ತಾರೆ. 10,000 ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಮೀರುವಂತಿಲ್ಲ. ಹಾಗಾಗಿ ಗಿಡ್ಡ ಪ್ರಯಾಣದಲ್ಲಿ ವಿಮಾನ ತನ್ನ ಪೂರ್ತಿ ವೇಗಕ್ಕೆ ಬರುವುದೇ ಕೆಲವು ನಿಮಿಷ, ಕೆಲವೊಮ್ಮೆ ಬರುವುದೇ ಇಲ್ಲ.

ಗಡಿಯಾರದ ಗೊಂದಲ

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ಒಂದನ್ನು ಇನ್ನೊಂದರಿಂದ ಸುಮ್ನೆ ಕಳೆಯಬಾರದು. ಮೊದಲು ಎರಡನ್ನೂ ಒಂದೇ ಗಡಿಯಾರಕ್ಕೆ ತನ್ನಿ. ನ್ಯೂಯಾರ್ಕ್ ಸಾಮಾನ್ಯವಾಗಿ ಲಂಡನ್‌ಗಿಂತ 5 ಗಂಟೆ ಹಿಂದೆ. ಅಲ್ಲಿ ಸಂಜೆ 5 ಅಂದರೆ ಲಂಡನ್‌ನಲ್ಲಿ ರಾತ್ರಿ 10. ಮಧ್ಯಾಹ್ನ 2ರಿಂದ ರಾತ್ರಿ 10ಕ್ಕೆ 8 ಗಂಟೆ. ಲೆಕ್ಕ ಕೂಡಿತು.

ಟೋಕಿಯೊದಿಂದ ಲಾಸ್ ಏಂಜಲೀಸ್‌ಗೆ ಹೋಗುವವರಿಗೆ ಇನ್ನೂ ವಿಚಿತ್ರ ಕಾಣುತ್ತದೆ. ಜುಲೈನಲ್ಲಿ ಸಂಜೆ 5ಕ್ಕೆ ಹೊರಟರೆ ಅದೇ ದಿನ ಬೆಳಿಗ್ಗೆ 11ಕ್ಕೆ ಇಳಿಯಬಹುದು. ಹೊರಡುವ ಮೊದಲೇ ತಲುಪಿದ ಹಾಗೆ! ದಾರಿಯಲ್ಲಿ ಅಂತರರಾಷ್ಟ್ರೀಯ ದಿನರೇಖೆ ದಾಟುವುದರಿಂದ ತಾರೀಕು ಒಂದು ದಿನ ಹಿಂದಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಟೋಕಿಯೊಗಿಂತ 16 ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 11 ಆದಾಗ ಟೋಕಿಯೊದಲ್ಲಿ ಮರುದಿನ ನಸುಕಿನ 3. ಅಂದರೆ ನಿಜವಾಗಿ ಕಳೆದದ್ದು 10 ಗಂಟೆ. ಚಳಿಗಾಲದಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ, ಆಗ ವ್ಯತ್ಯಾಸ 17 ಗಂಟೆ. ಜಪಾನಿನಲ್ಲಿ ಈ ಪದ್ಧತಿ ಇಲ್ಲ. ವರ್ಷದಲ್ಲಿ ಎರಡು ಸಲ ಹೀಗೆ ಬದಲಾಗುವ ಊರುಗಳಿಗೆ ಹೋಗುವವರು ತಾರೀಕನ್ನೂ ನೋಡಿಕೊಂಡೇ ಲೆಕ್ಕ ಹಾಕಬೇಕು.

ನಡುವೆ ವಿಮಾನ ಬದಲಿಸುವುದಿದ್ದರೆ ಒಂದು ಅನುಕೂಲ ಇದೆ. ಇಳಿಯುವ ಹೊತ್ತು, ಮುಂದಿನ ವಿಮಾನ ಹೊರಡುವ ಹೊತ್ತು ಎರಡೂ ಅದೇ ಊರಿನ ಗಡಿಯಾರದಲ್ಲೇ ಇರುತ್ತವೆ. ಅಲ್ಲಿ ನೇರವಾಗಿ ಕಳೆದರೆ ಸಾಕು. ಆದರೆ ವಿಮಾನದ ಬಾಗಿಲು ಹೊರಡುವ ಹೊತ್ತಿಗಿಂತ ಸಾಕಷ್ಟು ಮೊದಲೇ ಮುಚ್ಚುತ್ತದೆ ಅನ್ನುವುದನ್ನು ಮರೆಯಬೇಡಿ.

ನೀವೇ ಅಂದಾಜು ಹಾಕುವುದು ಹೀಗೆ

ಎರಡು ನಿಲ್ದಾಣಗಳ ನಡುವಿನ ದೂರ ಗೊತ್ತಿದ್ದರೆ ಅದನ್ನು 850ರಿಂದ ಭಾಗಿಸಿ. ಬಂದ ಗಂಟೆಗೆ 30ರಿಂದ 40 ನಿಮಿಷ ಸೇರಿಸಿ. ಏರುವ, ಇಳಿಯುವ, ಉರುಳುವ ಹೊತ್ತಿಗೆ ಅದು. ಲಂಡನ್–ನ್ಯೂಯಾರ್ಕ್‌ಗೆ 5,540ನ್ನು 850ರಿಂದ ಭಾಗಿಸಿದರೆ ಆರೂವರೆ ಗಂಟೆ, 40 ನಿಮಿಷ ಸೇರಿಸಿದರೆ 7 ಗಂಟೆ 10 ನಿಮಿಷ. ವೆಬ್‌ಸೈಟ್‌ಗಳು ಕೊಡುವ ಹಾರಾಟದ ಸಮಯ ಸಾಮಾನ್ಯವಾಗಿ ಇಂಥದೇ ಲೆಕ್ಕದಿಂದ ಬಂದದ್ದು. ಅವಕ್ಕೆ ಗಾಳಿ ಗೊತ್ತಿರುವುದಿಲ್ಲ. ಹಾಗಾಗಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ಸಮಯ ತೋರಿಸುತ್ತವೆ. ಉತ್ತರದ ದೇಶಗಳ ನಡುವೆ ಪಶ್ಚಿಮಕ್ಕೆ ದೂರದ ಪ್ರಯಾಣವಾದರೆ ಅರ್ಧದಿಂದ ಒಂದು ಗಂಟೆ ಕೂಡಿಸಿ, ಚಳಿಗಾಲವಾದರೆ ಇನ್ನೂ ಸ್ವಲ್ಪ. ಉತ್ತರ ದಕ್ಷಿಣವಾಗಿ ಹೋಗುವ ದಾರಿಗಳಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಕಡಿಮೆ. ನಡುವೆ ಯಾವುದಾದರೂ ದೇಶದ ಆಕಾಶ ಮುಚ್ಚಿದ್ದರೆ ಈ ಲೆಕ್ಕವನ್ನು ಬದಿಗಿಟ್ಟು ವಿಮಾನ ಕಂಪನಿಯ ಈಗಿನ ವೇಳಾಪಟ್ಟಿಯನ್ನೇ ನೋಡಿ.

ವಿಮಾನ ಹತ್ತಿದ ಮೇಲೆ ಪರದೆಯಲ್ಲಿ ತಲುಪಲು ಉಳಿದ ಸಮಯ ಕಾಣುತ್ತದಲ್ಲ, ಅದನ್ನು ಗಮನಿಸಿ. ಒಮ್ಮೆ ಐದು ನಿಮಿಷ ಕಡಿಮೆಯಾಗುತ್ತದೆ, ಇನ್ನೊಮ್ಮೆ ಎರಡು ನಿಮಿಷ ಏರುತ್ತದೆ. ಪಕ್ಕದಲ್ಲೇ ನೆಲದ ವೇಗ, ಗಾಳಿಯ ದಿಕ್ಕು ಬರುತ್ತಿದ್ದರೆ ಎರಡನ್ನೂ ಜೋಡಿಸಿ ನೋಡಿ. ವೇಗ 920ರಿಂದ 980ಕ್ಕೆ ಏರಿತೆಂದರೆ ಬೆನ್ನಿಗೆ ಗಾಳಿ ಸಿಕ್ಕಿರಬಹುದು. ಊರು ಹತ್ತಿರ ಬಂದು, ಉಳಿದದ್ದು 15 ನಿಮಿಷ ಎಂದು ತೋರಿಸುತ್ತಲೇ ಬಹಳ ಹೊತ್ತು ನಿಂತುಬಿಟ್ಟರೆ ಕಿಟಕಿಯ ಹೊರಗೆ ನೋಡಿ. ರೆಕ್ಕೆ ಒಂದೇ ಕಡೆಗೆ ವಾಲಿ, ಅದೇ ರಸ್ತೆ, ಅದೇ ಕೆರೆ ಮತ್ತೆ ಕಾಣುತ್ತಿದ್ದರೆ, ಇಳಿಯಲು ತಮ್ಮ ಸರದಿಗೆ ಕಾಯುತ್ತಾ ಆಕಾಶದಲ್ಲೇ ಸುತ್ತು ಹೊಡೆಯುತ್ತಿದ್ದಾರೆ ಎಂದರ್ಥ. ಇಂಥ ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ ಹಿಡಿಯುತ್ತದೆ.